ಸಹಿ ಹಾಕುವ ಮುನ್ನ: ಏಮ್ಸ್ ಊರಿನ ಬಾಡಿಗೆ ಮನೆ

ಅಮೆರಿಕದ ಮಧ್ಯಪಶ್ಚಿಮ ಭಾಗದ ಸಣ್ಣ ಊರುಗಳಲ್ಲಿ ಮನೆಯನ್ನು ಬಾಡಿಗೆಗೆ ಹಿಡಿಯುವ ಬಗ್ಗೆ ಓದುಗರು ಬರೆದಿರುವ ಐದು ಪತ್ರಗಳನ್ನು ಈ ಸಲ ಎತ್ತಿಕೊಂಡಿದ್ದೇನೆ. ನ್ಯೂಯಾರ್ಕ್, ಷಿಕಾಗೊಗಳ ಬಗ್ಗೆ ತಿಳಿಸಿಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಜೋಳದ ಹೊಲಗಳ ನಡುವಿನ ವಿಶ್ವವಿದ್ಯಾಲಯದ ಊರಿಗೆ ಹೊರಟ ಮಕ್ಕಳಿಗೆ ಹೇಳುವವರು ಕಡಿಮೆ. ನಾನು ಅಯೋವಾ ರಾಜ್ಯದ ಏಮ್ಸ್‌ನಲ್ಲಿ ಹಲವು ವರ್ಷ ಬಾಡಿಗೆ ಮನೆಗಳಲ್ಲಿ ಇದ್ದವಳಾದ್ದರಿಂದ ಉತ್ತರಗಳು ಹೆಚ್ಚಾಗಿ ಆ ಊರನ್ನೇ ಕುರಿತಿವೆ. ಬಾಡಿಗೆಯ ಕಾನೂನು ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ ಎಂಬುದನ್ನು ಬೇರೆಡೆಗೆ ಹೋಗುವವರು ದಯವಿಟ್ಟು ನೆನಪಿಡಬೇಕು.

ಪ್ರಶ್ನೆ: ನನ್ನ ಮಗಳಿಗೆ ಏಮ್ಸ್‌ನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿದೆ. ಆಗಸ್ಟ್ ಮಧ್ಯಭಾಗದಲ್ಲಿ ಹೊರಡುತ್ತಾಳೆ. ಮೂವರು ಸಹಪಾಠಿಗಳ ಜೊತೆ ಒಂದು ಅಪಾರ್ಟ್‌ಮೆಂಟ್ ನೋಡಿದ್ದಾಳೆ. ನೋಡಿದ್ದು ಚಿತ್ರದಲ್ಲಿ ಮಾತ್ರ. ಅವರು ಹನ್ನೆರಡು ತಿಂಗಳ ‘ಲೀಸ್’ ಎನ್ನುತ್ತಿದ್ದಾರೆ, ಡೆಪಾಸಿಟ್ ಕೇಳುತ್ತಿದ್ದಾರೆ, ಈಗಲೇ ಸಹಿ ಬೇಕೆಂದು ಒತ್ತಾಯಿಸುತ್ತಿದ್ದಾರೆ. ಲೀಸ್ ಎಂದರೆ ಎಷ್ಟು ಲಕ್ಷ ಹೊಂದಿಸಬೇಕೋ ಎಂದು ಮನೆಯಲ್ಲಿ ಎಲ್ಲರೂ ಗಾಬರಿಯಾಗಿದ್ದೇವೆ. ಅವಳಿಗೆ ಅಲ್ಲಿ ಯಾವ ಗುರುತಿನ ಸಂಖ್ಯೆಯೂ ಇಲ್ಲ, ಸಾಲದ ಚರಿತ್ರೆಯೂ ಇಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ‘ಲೀಸ್’ ಎಂಬ ಪದದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಗಾಬರಿಯಲ್ಲಿ ಅರ್ಧ ಆ ಪದದಿಂದಲೇ ಹುಟ್ಟಿದೆ. ನಮ್ಮ ಕಡೆ ಲೀಸ್ ಎಂದರೆ ಭೋಗ್ಯ: ಕೆಲವು ಲಕ್ಷ ರೂಪಾಯಿಗಳನ್ನು ಒಟ್ಟಿಗೆ ಮಾಲೀಕರ ಕೈಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಮನೆ ಬಿಡುವಾಗ ಅಷ್ಟೂ ಹಣವನ್ನು ವಾಪಸು ಪಡೆಯುವುದು. ಅಮೆರಿಕದಲ್ಲಿ ಲೀಸ್ ಎಂದರೆ ಬಾಡಿಗೆ ಕರಾರು ಅಷ್ಟೇ. ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾ ಹೋಗಬೇಕು, ಆರಂಭದಲ್ಲಿ ಸ್ವಲ್ಪ ಡೆಪಾಸಿಟ್ ಇಡಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವ ವಾಡಿಕೆಯನ್ನು ಕಂಡ ನಮಗೆ ಅಯೋವಾದ ಕಾನೂನು ಸಮಾಧಾನ ಕೊಡುತ್ತದೆ: ಆ ರಾಜ್ಯದ ಬಾಡಿಗೆ ಕಾಯ್ದೆಯ 562ಎ ಅಧ್ಯಾಯದ ಪ್ರಕಾರ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಡೆಪಾಸಿಟ್ಟನ್ನು ಯಾವ ಮಾಲೀಕರೂ ಕೇಳುವಂತಿಲ್ಲ. ಬಾಡಿಗೆ 900 ಡಾಲರ್ ಎಂದಾದರೆ ಡೆಪಾಸಿಟ್ 1,800 ಡಾಲರ್ ದಾಟಬಾರದು. ಆ ಹಣವನ್ನು ಮಾಲೀಕರು ತಮ್ಮ ಸ್ವಂತ ಹಣದೊಂದಿಗೆ ಬೆರೆಸದೆ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇಡಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ.

ಹಣದ ಭಾರ ಕಡಿಮೆಯಾದರೂ ಕರಾರಿನ ಭಾರ ಹೆಚ್ಚು ಎಂಬುದನ್ನು ಮಗಳಿಗೆ ತಿಳಿಸಿ ಹೇಳಿ. ನಮ್ಮಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟ್ ಬರೆದುಕೊಂಡರೂ, ಒಂದೆರಡು ತಿಂಗಳು ಮುಂಚೆ ಹೇಳಿ ಮನೆ ಬಿಡುವುದು ರೂಢಿ. ಅಲ್ಲಿ ಹನ್ನೆರಡು ತಿಂಗಳಿಗೆ ಸಹಿ ಹಾಕಿದ ಮೇಲೆ, ಮಧ್ಯದಲ್ಲಿ ಓದು ಬಿಟ್ಟರೂ, ಬೇರೆ ಊರಿನಲ್ಲಿ ಕೆಲಸ ಸಿಕ್ಕರೂ, ಜೊತೆಯವರೊಂದಿಗೆ ಹೊಂದಾಣಿಕೆಯಾಗದಿದ್ದರೂ, ಹನ್ನೆರಡು ತಿಂಗಳ ಬಾಡಿಗೆಗೂ ಹೊಣೆ ಇರುತ್ತದೆ. ಮಾಲೀಕರು ಎಷ್ಟೇ ಒಳ್ಳೆಯವರಾಗಿರಲಿ, ಕಚೇರಿಯಲ್ಲಿ ಕುಳಿತ ಹುಡುಗಿ ಎಷ್ಟೇ ನಗುನಗುತ್ತಾ ‘ಪರವಾಗಿಲ್ಲ’ ಎನ್ನಲಿ, ಆ ಮಾತು ಕಾಗದದಲ್ಲಿ ಇಲ್ಲದಿದ್ದರೆ ಮುಂದೆ ಅದನ್ನು ಸಾಧಿಸಿ ತೋರಿಸುವುದು ಕಷ್ಟ. ಅವರು ಬಾಯಲ್ಲಿ ಕೊಟ್ಟ ಪ್ರತಿ ಭರವಸೆಯನ್ನೂ ‘ಇದನ್ನು ಇಮೇಲ್‌ನಲ್ಲಿ ಬರೆದು ಕಳಿಸುವಿರಾ?’ ಎಂದು ಕೇಳುವುದನ್ನು ಮಗಳು ಮೊದಲ ದಿನದಿಂದಲೇ ರೂಢಿಸಿಕೊಳ್ಳಲಿ. ಅಲ್ಲಿ ಹಾಗೆ ಕೇಳಿದರೆ ಯಾರೂ ಅವಮಾನವೆಂದು ತಿಳಿಯುವುದಿಲ್ಲ.

ಏಮ್ಸ್‌ಗೆ ಅದರದೇ ಆದ ಒಂದು ಬಾಡಿಗೆ ಪಂಚಾಂಗವಿದೆ. ಊರಿನ ಜನಸಂಖ್ಯೆ ಸುಮಾರು 66,000; ಅದರಲ್ಲಿ ದೊಡ್ಡ ಪಾಲು ವಿದ್ಯಾರ್ಥಿಗಳು. ಹಾಗಾಗಿ ಬಹುಪಾಲು ಕರಾರುಗಳು ಆಗಸ್ಟ್ 1ಕ್ಕೆ ಆರಂಭವಾಗಿ ಮರುವರ್ಷ ಜುಲೈ 31ಕ್ಕೆ ಮುಗಿಯುತ್ತವೆ. ಮಗಳು ಆಗಸ್ಟ್ ಮಧ್ಯದಲ್ಲಿ ಬಂದಿಳಿದರೂ ಬಾಡಿಗೆ ಲೆಕ್ಕ ತಿಂಗಳ ಮೊದಲ ದಿನದಿಂದಲೇ ನಡೆಯುತ್ತಿರುತ್ತದೆ. ಮುಂದಿನ ವರ್ಷದ ಮನೆಗೆ ಹಿಂದಿನ ಚಳಿಗಾಲದಲ್ಲಿಯೇ ಸಹಿ ಬೀಳುವುದೂ ಅಲ್ಲಿ ಸಾಮಾನ್ಯ. ಆದ್ದರಿಂದ ‘ಈಗಲೇ ಸಹಿ ಹಾಕಿ’ ಎಂದ ಮಾತ್ರಕ್ಕೆ ಅವರು ಮೋಸಗಾರರು ಎಂದು ತೀರ್ಮಾನಿಸಬೇಡಿ. ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವವರು ಜುಲೈ 31ರಂದು ಹಳೆಯ ಮನೆಯ ಕೀಲಿಕೈ ಒಪ್ಪಿಸಬೇಕು. ಹೊಸ ಮನೆ ಸಿಗುವುದು ಮರುದಿನ. ನಡುವಿನ ಆ ಒಂದು ರಾತ್ರಿ ಹಾಸಿಗೆ, ಪಾತ್ರೆ, ಪುಸ್ತಕಗಳನ್ನೆಲ್ಲ ಬಾಡಿಗೆ ವ್ಯಾನಿನಲ್ಲಿ ತುಂಬಿಕೊಂಡು ಸ್ನೇಹಿತರ ಮನೆಯ ನೆಲದ ಮೇಲೆ ಮಲಗಿದ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಅದೇ ದಿನಗಳಲ್ಲಿ ಜನ ಬಿಟ್ಟುಹೋಗುವ ಮೇಜು, ಕುರ್ಚಿ, ಸೋಫಾಗಳು ಕಸದ ಗುಂಡಿ ಸೇರದಿರಲಿ ಎಂದು ನಗರಾಡಳಿತವು ‘ರಮೇಜ್ ರ‍್ಯಾಂಪೇಜ್’ ಎಂಬ ಹೆಸರಿನಲ್ಲಿ ಅವನ್ನೆಲ್ಲ ಒಂದೆಡೆ ಸೇರಿಸಿ ಅಗ್ಗದ ಬೆಲೆಗೆ ಮಾರುವ ಏರ್ಪಾಟು ಮಾಡುತ್ತದೆ. ಮಗಳು ಹೊಸ ಮೇಜಿಗೆ ದುಡ್ಡು ಸುರಿಯುವ ಮೊದಲು ಅದರ ದಿನಾಂಕವನ್ನು ವಿಚಾರಿಸಲಿ.

ಚಿತ್ರ ನೋಡಿ ಹಣ ಕಳಿಸುವ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಮಾಲೀಕ ‘ನಾನು ಈಗ ವಿದೇಶದಲ್ಲಿದ್ದೇನೆ, ಹಣ ಬಂದ ಕೂಡಲೇ ಕೀಲಿಕೈಯನ್ನು ಕೊರಿಯರ್‌ನಲ್ಲಿ ಕಳಿಸುತ್ತೇನೆ’ ಎಂದರೆ, ಸುತ್ತಲಿನ ಮನೆಗಳಿಗಿಂತ ಬಾಡಿಗೆ ತೀರ ಕಡಿಮೆ ಇದ್ದರೆ, ಗಿಫ್ಟ್ ಕಾರ್ಡ್ ಅಥವಾ ವೈರ್ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ರವಾನೆ) ಮೂಲಕವೇ ಹಣ ಬೇಕೆಂದು ಹಠ ಮಾಡಿದರೆ, ಅಲ್ಲಿಗೇ ಮಾತು ನಿಲ್ಲಿಸಿ. ಪರೀಕ್ಷಿಸುವ ದಾರಿಗಳೂ ಇವೆ. ಏಮ್ಸ್ ನಗರದ ಅಸೆಸರ್ (ತೆರಿಗೆಗಾಗಿ ಆಸ್ತಿಯ ಮೌಲ್ಯ ಕಟ್ಟುವ ಅಧಿಕಾರಿ) ಕಚೇರಿಯ ಜಾಲತಾಣದಲ್ಲಿ ಮನೆಯ ವಿಳಾಸ ಹಾಕಿ ಹುಡುಕಿದರೆ ಆ ಆಸ್ತಿಯ ಮಾಲೀಕರು ಯಾರೆಂದು ಯಾರು ಬೇಕಾದರೂ ನೋಡಬಹುದು. ಬಾಡಿಗೆಗೆ ಕೊಡುವ ಮನೆಗಳನ್ನು ನಗರಾಡಳಿತವು ತಪಾಸಣೆ ಮಾಡಿ, ನಿಯಮದಂತೆ ಇದೆ ಎಂಬ ಅನುಸರಣೆಯ ಪತ್ರ ನೀಡುತ್ತದೆ. ಈ ಮನೆಗೆ ಅದು ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಎಲ್ಲಕ್ಕಿಂತ ಮೇಲಾಗಿ, ಈಗಾಗಲೇ ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಯೊಬ್ಬರು ಮನೆಯೊಳಗೆ ನಿಂತು ವಿಡಿಯೊ ಕರೆ ಮಾಡಲಿ: ನಲ್ಲಿ ತಿರುಗಿಸಿ ತೋರಿಸಲಿ, ಕಿಟಕಿ ತೆರೆದು ಮುಚ್ಚಲಿ, ಒಲೆ ಹಚ್ಚಲಿ.

ಗುರುತಿನ ಸಂಖ್ಯೆಯ ಬಗ್ಗೆ ಹೆಚ್ಚು ಚಿಂತಿಸಬೇಡಿ. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗುವುದು ವಿಶ್ವವಿದ್ಯಾಲಯದಲ್ಲೋ ಬೇರೆಡೆಯೋ ಕಾನೂನುಬದ್ಧ ಕೆಲಸ ದೊರೆತ ಮೇಲೆಯೇ. ವಿದ್ಯಾರ್ಥಿಗಳ ಊರಾದ್ದರಿಂದ ಅಲ್ಲಿನ ಬಾಡಿಗೆ ಕಚೇರಿಗಳಿಗೆ ಇದು ಚೆನ್ನಾಗಿ ಗೊತ್ತು. ಪ್ರವೇಶ ಪತ್ರ, ವಿದ್ಯಾರ್ಥಿ ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ, ಪಾಸ್‌ಪೋರ್ಟ್, ಬ್ಯಾಂಕಿನ ಹೇಳಿಕೆ, ಅಸಿಸ್ಟೆಂಟ್‌ಶಿಪ್ (ವಿಶ್ವವಿದ್ಯಾಲಯದಲ್ಲಿ ಸಂಬಳದ ಸಹಾಯಕ ಕೆಲಸ) ದೊರೆತಿದ್ದರೆ ಅದರ ಪತ್ರ ಇಷ್ಟನ್ನು ಒಟ್ಟಿಗೆ ಕಳಿಸಿದರೆ ಹಲವರು ಒಪ್ಪುತ್ತಾರೆ. ಕೆಲವರು ಅಮೆರಿಕದಲ್ಲಿರುವ ಜಾಮೀನುದಾರರನ್ನು ಕೇಳುವುದುಂಟು. ಬಂಧುಗಳು ಜಾಮೀನು ನಿಲ್ಲುವುದಾದರೆ, ಮಗಳ ಪಾಲಿನ ಬಾಡಿಗೆಗೆ ಮಾತ್ರವೋ ಇಡೀ ಮನೆಯ ಬಾಡಿಗೆಗೋ ಎಂದು ಓದಿ ನೋಡಿ ಸಹಿ ಹಾಕುವುದು ಅವರಿಗೆ ಕ್ಷೇಮ. ಏಕೆಂದರೆ ಸಹಪಾಠಿಗಳೆಲ್ಲ ಒಂದೇ ಕಾಗದಕ್ಕೆ ಸಹಿ ಹಾಕಿದರೆ ಅದು ಸಾಮಾನ್ಯವಾಗಿ ಜಂಟಿ ಹೊಣೆ. ಒಬ್ಬಳು ಕೊಡದೆ ಹೋದರೆ ಅವಳ ಪಾಲನ್ನು ಉಳಿದವರಿಂದ ವಸೂಲು ಮಾಡುವ ಅಧಿಕಾರ ಮಾಲೀಕರಿಗಿರುತ್ತದೆ. ಕೆಲವು ದೊಡ್ಡ ಸಮುಚ್ಚಯಗಳಲ್ಲಿ ಪ್ರತಿ ಮಲಗುವ ಕೋಣೆಗೂ ಬೇರೆ ಬೇರೆ ಕರಾರು ಮಾಡುತ್ತಾರೆ. ಮೊದಲ ವರ್ಷ ಪರಿಚಯವಿಲ್ಲದವರ ಜೊತೆ ಇರುವ ಮಕ್ಕಳಿಗೆ ಬಾಡಿಗೆ ತುಸು ಹೆಚ್ಚಾದರೂ ಅದೇ ಮೇಲು ಎಂದು ನನ್ನ ಅಭಿಪ್ರಾಯ. ವಿಶ್ವವಿದ್ಯಾಲಯದ್ದೇ ಆದ ಫ್ರೆಡರಿಕ್ಸನ್ ಕೋರ್ಟ್, ಷಿಲೆಟರ್-ಯೂನಿವರ್ಸಿಟಿ ವಿಲೇಜ್ ಎಂಬ ಅಪಾರ್ಟ್‌ಮೆಂಟ್‌ಗಳನ್ನೂ ಒಮ್ಮೆ ವಿಚಾರಿಸಿ.

ಬಾಡಿಗೆಯ ಮೊತ್ತವನ್ನು ಹೋಲಿಸುವಾಗ ಅದರೊಳಗೆ ಏನೇನು ಸೇರಿದೆ ಎಂಬುದನ್ನು ಕೇಳಲೇಬೇಕು. ಒಲೆ, ಫ್ರಿಜ್ ಮನೆಯ ಜೊತೆಗೇ ಬರುತ್ತವೆ, ಅವನ್ನು ಕೊಳ್ಳುವ ಅಗತ್ಯವಿಲ್ಲ. ಮಂಚ, ಮೇಜು ಸಾಮಾನ್ಯವಾಗಿ ಬರುವುದಿಲ್ಲ. ಬಟ್ಟೆ ಒಗೆಯುವ ಯಂತ್ರ ಹಲವು ಕಟ್ಟಡಗಳಲ್ಲಿ ನೆಲಮಾಳಿಗೆಯಲ್ಲಿರುತ್ತದೆ. ಪ್ರತಿ ಸಲವೂ ದುಡ್ಡು ಹಾಕಬೇಕು. ಆದರೆ ನಮ್ಮವರು ಕೇಳಲು ಮರೆಯುವುದು ಹೀಟಿಂಗ್‌ನ ಖರ್ಚನ್ನು. ಜನವರಿಯಲ್ಲಿ ಉಷ್ಣಾಂಶ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಸೆಲ್ಷಿಯಸ್ ಕೆಳಗೆ ಇಳಿಯುವ ಊರು ಅದು. ಬಾಡಿಗೆಯಲ್ಲಿ ಹೀಟಿಂಗ್ ಸೇರಿರುವ ಮನೆಗೂ, ವಿದ್ಯುತ್ ಹೀಟರಿನ ಬಿಲ್ಲನ್ನು ನಾವೇ ಕಟ್ಟಬೇಕಾದ ಮನೆಗೂ ಚಳಿಗಾಲದಲ್ಲಿ ಬಹಳ ಅಂತರ ಬೀಳುತ್ತದೆ. ಹಿಂದಿನ ಬಾಡಿಗೆದಾರರಿಗೆ ಫೆಬ್ರುವರಿಯಲ್ಲಿ ಎಷ್ಟು ಬಿಲ್ ಬಂದಿತ್ತು ಎಂದು ಕೇಳುವಂತೆ ಮಗಳಿಗೆ ಹೇಳಿ.

ಊರಿನ ಬಸ್ಸಿನ ಹೆಸರು ಸೈರೈಡ್. ಶುಲ್ಕದಲ್ಲಿಯೇ ಅದರ ಖರ್ಚು ಸೇರಿರುವುದರಿಂದ ವಿದ್ಯಾರ್ಥಿಗಳು ಪ್ರತ್ಯೇಕವಾಗಿ ಟಿಕೆಟ್ ಕೊಳ್ಳಬೇಕಿಲ್ಲ. ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡಿರುವ ಕ್ಯಾಂಪಸ್‌ಟೌನ್ ಬಡಾವಣೆಯಲ್ಲಿ ಮನೆ ಮಾಡಿದರೆ ತರಗತಿಗೆ ನಡೆದೇ ಹೋಗಬಹುದು, ಬಾಡಿಗೆ ಮತ್ತು ಗದ್ದಲ ಎರಡೂ ಹೆಚ್ಚು. ಊರಿನ ಪಶ್ಚಿಮಕ್ಕೆ ಹೋದಷ್ಟೂ ಎರಡೂ ಕಡಿಮೆ, ಆದರೆ ಮನೆ ಬಸ್ ನಿಲ್ದಾಣದಿಂದ ಐದು ನಿಮಿಷದ ನಡಿಗೆಯೊಳಗೆ ಇರಬೇಕು. ಆ ಐದು ನಿಮಿಷ ಹಿಮದ ಗಾಳಿಯಲ್ಲಿ ಎಷ್ಟು ಉದ್ದವಾಗುತ್ತದೆ ಎಂಬುದು ದಾವಣಗೆರೆಯ ಬಿಸಿಲಿನಲ್ಲಿ ಕುಳಿತು ಊಹಿಸಲು ಆಗುವುದಿಲ್ಲ.

ಬಾಡಿಗೆ ಕೊಡುವ ದಿನವನ್ನು ತಪ್ಪಿಸಬಾರದು. ತಿಂಗಳ ಬಾಡಿಗೆ 700 ಡಾಲರ್ ದಾಟಿದ್ದರೆ ದಿನಕ್ಕೆ 20 ಡಾಲರ್‌ವರೆಗೆ, ತಿಂಗಳಿಗೆ ಒಟ್ಟು 100 ಡಾಲರ್ ಮೀರದಂತೆ ದಂಡ ಹಾಕಲು ಅಯೋವಾದ ಕಾನೂನು ಅವಕಾಶ ಕೊಡುತ್ತದೆ. ಬಾಡಿಗೆ ಬಾರದಿದ್ದರೆ ಮೂರು ದಿನಗಳ ಲಿಖಿತ ನೋಟಿಸ್ ಕೊಟ್ಟು ಕರಾರನ್ನೇ ಕೊನೆಗೊಳಿಸುವ ದಾರಿಯೂ ಮಾಲೀಕರಿಗಿದೆ. ಊರಿನಿಂದ ಹಣ ಕಳಿಸುವವರು ನೀವಾದರೆ, ಬ್ಯಾಂಕಿನ ರಜಾದಿನಗಳನ್ನು ಲೆಕ್ಕ ಹಿಡಿದು ಒಂದು ವಾರ ಮುಂಚೆಯೇ ಕಳಿಸಿ.

ಪ್ರಶ್ನೆ: ನನ್ನ ಮಗ ಏಮ್ಸ್‌ನಲ್ಲಿ ಮೂವರ ಜೊತೆ ಇದ್ದ. ಜೊತೆಯವನೊಬ್ಬ ಇಂಟರ್ನ್‌ಶಿಪ್ ಸಿಕ್ಕಿತೆಂದು ಜನವರಿಯಲ್ಲಿ ಬೇರೆ ರಾಜ್ಯಕ್ಕೆ ಹೊರಟುಹೋದ. ಈಗ ಅವನ ಪಾಲನ್ನೂ ನೀವೇ ಕೊಡಿ ಎಂದು ಕಚೇರಿಯವರು ಉಳಿದವರಿಗೆ ಪತ್ರ ಬರೆದಿದ್ದಾರೆ. ಇದು ನ್ಯಾಯವೇ?
– ತಾಯಿಯೊಬ್ಬರು, ಹಾಸನ

ಉತ್ತರ: ನಿಮಗೆ ಅನ್ಯಾಯವೆಂದು ತೋರುವುದು ಸಹಜ, ತಾಯಿ. ಆದರೆ ನಾಲ್ವರೂ ಒಂದೇ ಕರಾರಿಗೆ ಸಹಿ ಹಾಕಿದ್ದರೆ ಮತ್ತು ಅದರಲ್ಲಿ ಜಂಟಿ ಹೊಣೆಯ ಷರತ್ತು ಇದ್ದರೆ, ಮಾಲೀಕರ ಬೇಡಿಕೆ ಕಾನೂನಿನ ಒಳಗೇ ಇದೆ. ಹೊರಟುಹೋದ ಹುಡುಗನ ಹೊಣೆಯೂ ಇದರಿಂದ ಮುಗಿಯಲಿಲ್ಲ. ಅವನು ಬೇರೆ ರಾಜ್ಯದಲ್ಲಿದ್ದರೂ ತನ್ನ ಪಾಲನ್ನು ಕೊಡಬೇಕಾದವನೇ. ನಿಮ್ಮ ಮಗ ಮತ್ತು ಉಳಿದಿಬ್ಬರು ಮೊದಲು ಅವನಿಗೆ ಇಮೇಲ್ ಬರೆದು, ಮೊತ್ತ ಮತ್ತು ದಿನಾಂಕಗಳನ್ನು ಸ್ಪಷ್ಟವಾಗಿ ನಮೂದಿಸಿ ಕೇಳಲಿ. ಸ್ನೇಹ ಕೆಡುತ್ತದೆ ಎಂಬ ಸಂಕೋಚದಿಂದ ನಮ್ಮ ಮಕ್ಕಳು ಇಂತಹ ಪತ್ರ ಬರೆಯದೆ ತಿಂಗಳುಗಟ್ಟಲೆ ತಾವೇ ಕಟ್ಟಿಕೊಂಡು ಹೋಗುವುದನ್ನು ನಾನು ನೋಡಿದ್ದೇನೆ. ಮುಂದೆ ಸ್ನೇಹವೂ ಉಳಿಯಲಿಲ್ಲ, ಹಣವೂ ಬರಲಿಲ್ಲ.

ಎರಡನೆಯ ದಾರಿ ಆ ಕೋಣೆಗೆ ಬೇರೊಬ್ಬರನ್ನು ತರುವುದು. ಇದಕ್ಕೆ ಸಬ್‌ಲೀಸ್ ಎನ್ನುತ್ತಾರೆ. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಯಾರನ್ನೂ ಒಳಗೆ ಸೇರಿಸಬಾರದು. ಸಬ್‌ಲೀಸ್‌ನಲ್ಲಿ ಮೂಲ ಬಾಡಿಗೆದಾರನ ಹೊಣೆ ಹಾಗೆಯೇ ಉಳಿಯುತ್ತದೆ, ಹೊಸಬ ಕೊಡದಿದ್ದರೆ ಹಳಬನೇ ಕೊಡಬೇಕು. ಕರಾರನ್ನೇ ಹೊಸಬನ ಹೆಸರಿಗೆ ವರ್ಗಾಯಿಸಿ ಹಳಬನನ್ನು ಬಿಡುಗಡೆ ಮಾಡಲು ಮಾಲೀಕರು ಒಪ್ಪಿದರೆ ಅದು ಇನ್ನೂ ಒಳ್ಳೆಯದು. ಎಲ್ಲರೂ ಒಟ್ಟಿಗೆ ಮನೆ ಬಿಟ್ಟ ಸಂದರ್ಭವಾಗಿದ್ದರೆ ಮಾತು ಬೇರೆ. ಆಗ ಖಾಲಿ ಮನೆಯನ್ನು ತಕ್ಕ ಬಾಡಿಗೆಗೆ ಬೇರೆಯವರಿಗೆ ಕೊಡಲು ಮಾಲೀಕರೂ ಪ್ರಾಮಾಣಿಕ ಪ್ರಯತ್ನ ಮಾಡಬೇಕು, ಸುಮ್ಮನೆ ಬೀಗ ಹಾಕಿಟ್ಟು ವರ್ಷಪೂರ್ತಿ ಬಾಡಿಗೆ ಎಣಿಸುವಂತಿಲ್ಲ ಎಂದು ಅಯೋವಾದ ಕಾಯ್ದೆ ಹೇಳುತ್ತದೆ.

ನಿಮ್ಮ ಮಗ ಇಷ್ಟರೊಳಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾನೂನು ಸೇವಾ ಕಚೇರಿಗೆ ಹೋಗಿರದಿದ್ದರೆ ನಾಳೆಯೇ ಹೋಗಲಿ. ಅಲ್ಲಿ ವಕೀಲರು ವಿದ್ಯಾರ್ಥಿಗಳಿಗೆ ಉಚಿತವಾಗಿ ಸಲಹೆ ಕೊಡುತ್ತಾರೆ. ಸಹಿ ಹಾಕುವ ಮೊದಲು ಕರಾರನ್ನು ತೋರಿಸಿ ಕೇಳಲಿಕ್ಕೂ ಅದೇ ಜಾಗ. ನಮ್ಮ ಮಕ್ಕಳು ಮಾತ್ರ ತಕರಾರು ಬಂದ ಮೇಲೆ ಅದರ ಬಾಗಿಲು ತಟ್ಟುತ್ತಾರೆ.

ಪ್ರಶ್ನೆ: ನನ್ನ ಪತಿ ಇಂಡಿಯಾನಾ ರಾಜ್ಯದ ಕೊಲಂಬಸ್‌ನಲ್ಲಿ ಇಂಜಿನಿಯರ್. ನಾವು ಅಲ್ಲಿ ಅಪಾರ್ಟ್‌ಮೆಂಟ್ ಹಿಡಿದು ಆರು ತಿಂಗಳಾಯಿತು. ನೆರೆಯವರು ಅಡುಗೆ ವಾಸನೆಯ ಬಗ್ಗೆ ದೂರಿದ್ದಾರೆ, ಹೀಗೇ ಮುಂದುವರಿದರೆ ಕರಾರು ನವೀಕರಿಸುವುದಿಲ್ಲ ಎಂದು ಮ್ಯಾನೇಜರ್ ಪತ್ರ ಕಳಿಸಿದ್ದಾರೆ. ನಾನು ಮಾಡುವುದು ದಿನನಿತ್ಯದ ಸಾರು, ಪಲ್ಯ ಅಷ್ಟೇ. ಈಗ ಒಗ್ಗರಣೆ ಹಾಕಲು ಕೈ ನಡುಗುತ್ತದೆ.
– ಓದುಗರೊಬ್ಬರು, ಕೊಲಂಬಸ್

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯವನ್ನು ಓದಿ ಬಹಳ ನೋವಾಯಿತು. ನಿಮ್ಮ ಮನೆಯಲ್ಲಿ ನೀವು ಸಾರು ಮಾಡಿಕೊಳ್ಳುವುದು ತಪ್ಪಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಕೊಲಂಬಸ್ ಎಂಜಿನ್ ತಯಾರಿಸುವ ಕಮ್ಮಿನ್ಸ್ ಕಂಪನಿಯ ಕೇಂದ್ರ ಕಚೇರಿಯಿರುವ ಊರು. ಸುಮಾರು ಐವತ್ತು ಸಾವಿರ ಜನಸಂಖ್ಯೆಯ ಆ ಊರಿನಲ್ಲಿ ಭಾರತೀಯ ಕುಟುಂಬಗಳು ಹೊಸದೇನಲ್ಲ.

ಕಾನೂನಿನ ಮಾತು ಹೀಗಿದೆ. 1968ರ ಫೇರ್ ಹೌಸಿಂಗ್ ಕಾಯ್ದೆಯ ಪ್ರಕಾರ ಜನಾಂಗ, ಬಣ್ಣ, ಧರ್ಮ, ಮೂಲ ದೇಶ ಇವುಗಳ ಕಾರಣಕ್ಕೆ ಯಾರಿಗೂ ಮನೆ ನಿರಾಕರಿಸುವಂತಿಲ್ಲ, ಬೇರೆ ಬಾಡಿಗೆದಾರರಿಗಿಲ್ಲದ ಷರತ್ತನ್ನು ಒಬ್ಬರ ಮೇಲೆ ಹೇರುವಂತಿಲ್ಲ. 1988ರ ತಿದ್ದುಪಡಿ ಮಕ್ಕಳಿರುವ ಕುಟುಂಬಗಳಿಗೂ ಅಂಗವಿಕಲರಿಗೂ ಇದೇ ರಕ್ಷಣೆ ಕೊಟ್ಟಿತು. ಗೋಡೆಗೆ ಎಣ್ಣೆಯ ಜಿಡ್ಡು ಹಿಡಿದು ಹಾನಿಯಾಗಿದ್ದರೆ ಅದರ ಖರ್ಚು ಕೇಳುವ ಹಕ್ಕು ಮಾಲೀಕರಿಗಿದೆ. ಆದರೆ ಪಕ್ಕದವರು ಹಂದಿಮಾಂಸ ಹುರಿದಾಗ ಸುಮ್ಮನಿದ್ದು ನಿಮ್ಮ ಸಾಸಿವೆ ಚಟಪಟ ಎಂದಾಗ ಮಾತ್ರ ಪತ್ರ ಬರೆದರೆ ಅದನ್ನು ಪ್ರಶ್ನಿಸಬಹುದು. ನೀವು ಮ್ಯಾನೇಜರಿಗೆ ವಿನಯದಿಂದ, ಆದರೆ ಲಿಖಿತವಾಗಿ ಕೇಳಿ: ಕರಾರಿನ ಯಾವ ಷರತ್ತನ್ನು ನಾವು ಮೀರಿದ್ದೇವೆ, ಯಾವ ಹಾನಿಯಾಗಿದೆ, ಯಾವ ದಿನಾಂಕಗಳಂದು ದೂರು ಬಂದಿದೆ? ಅವರು ಕಳಿಸಿದ ಪತ್ರವನ್ನು ಜೋಪಾನವಾಗಿಡಿ. ಅದರಲ್ಲಿ ‘ನಿಮ್ಮ ಜನ’, ‘ಭಾರತೀಯ ಅಡುಗೆ’ ಎಂಬಂತಹ ಮಾತುಗಳಿದ್ದರೆ ಅದಕ್ಕೆ ಬಹಳ ಬೆಲೆಯಿದೆ. ನಿಮ್ಮ ಊರಿನಲ್ಲಿಯೇ ಮಾನವ ಹಕ್ಕುಗಳ ಆಯೋಗವಿದೆ, ರಾಜ್ಯ ಮಟ್ಟದಲ್ಲಿ ಇಂಡಿಯಾನಾ ನಾಗರಿಕ ಹಕ್ಕುಗಳ ಆಯೋಗವಿದೆ. ಕೇಂದ್ರ ಸರ್ಕಾರದ ವಸತಿ ಇಲಾಖೆಗೆ ದೂರು ಕೊಡಲು ಘಟನೆ ನಡೆದ ದಿನದಿಂದ ಒಂದು ವರ್ಷದ ಕಾಲಾವಕಾಶವಿದೆ.

ಇದರ ಜೊತೆಗೆ ಅಡುಗೆಮನೆಯನ್ನೂ ಒಮ್ಮೆ ಪರೀಕ್ಷಿಸಿ. ಅಲ್ಲಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ. ಒಂದು ಜಾಲರಿಯ ಮೂಲಕ ಎಳೆದುಕೊಂಡು ಮತ್ತೆ ಅಡುಗೆಮನೆಗೇ ಬಿಡುತ್ತದೆ. ಫ್ಯಾನ್ ಹಾಕಿ, ಅದರ ಮೇಲ್ಭಾಗದ ಕಂಡಿಯ ಹತ್ತಿರ ಕೈ ಹಿಡಿದರೆ ಗಾಳಿ ಮುಖಕ್ಕೆ ಬಡಿಯುತ್ತದೆಯೇ ಎಂದು ನೋಡಿ. ಹಾಗಿದ್ದರೆ ದೋಷ ನಿಮ್ಮ ಅಡುಗೆಯಲ್ಲಿಲ್ಲ, ಕಟ್ಟಡದಲ್ಲಿದೆ. ಪತ್ರದಲ್ಲಿ ಇದನ್ನೂ ಬರೆದು, ಫಿಲ್ಟರ್ ಬದಲಾಯಿಸಲು ಕೇಳಿ. ಲೋಹದ ಜಾಲರಿಯನ್ನು ತಿಂಗಳಿಗೊಮ್ಮೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಲ್ಲಿ ನೆನೆಸಿ ಉಜ್ಜಿ. ಒಣಮೆಣಸಿನಕಾಯಿಯ ಒಗ್ಗರಣೆಗೆ ಎಣ್ಣೆ ಹೊಗೆಯಾಡುವಷ್ಟು ಕಾಯಿಸದೆ, ಸಾಸಿವೆ ಹಾಕಿದ ತಕ್ಷಣ ಮುಚ್ಚಳ ಮುಚ್ಚಿ, ಉರಿ ಆರಿಸಿದ ಮೇಲೆ ಮೆಣಸಿನಕಾಯಿ ಹಾಕಿದರೆ ಘಾಟು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಬಚ್ಚಲುಮನೆಯ ಫ್ಯಾನು ಹೊರಕ್ಕೆ ಗಾಳಿ ಬಿಡುವಂತಿದ್ದರೆ ಅಡುಗೆಯ ಹೊತ್ತಿನಲ್ಲಿ ಅದನ್ನೂ ಹಾಕಿಡಿ. ಹೊಗೆ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತದೆಂದು ಅದರ ಬ್ಯಾಟರಿಯನ್ನು ಮಾತ್ರ ಎಂದಿಗೂ ತೆಗೆಯಬೇಡಿ, ಪ್ಲಾಸ್ಟಿಕ್ ಚೀಲ ಕಟ್ಟಬೇಡಿ. ಅಷ್ಟೊಂದು ಮರ ಬಳಸಿ ಕಟ್ಟುವ ಮನೆಗಳಲ್ಲಿ ಬೆಂಕಿ ಬಹಳ ಬೇಗ ಹಬ್ಬುತ್ತದೆ, ಮೇಲಾಗಿ ಅದು ಕರಾರಿನ ಉಲ್ಲಂಘನೆಯೂ ಆಗುತ್ತದೆ.

ಪ್ರಶ್ನೆ: ಏಮ್ಸ್‌ನಲ್ಲಿ ಎರಡು ವರ್ಷ ಇದ್ದು ಕಳೆದ ತಿಂಗಳು ಮೈಸೂರಿಗೆ ಮರಳಿದೆ. ಡೆಪಾಸಿಟ್ ಇನ್ನೂ ಬಂದಿಲ್ಲ. ಫೋನಿನಲ್ಲಿ ಕೇಳಿದರೆ, ಕಾರ್ಪೆಟ್‌ಗೆ ಮತ್ತು ಪೇಂಟಿಂಗ್‌ಗೆ ಹಿಡಿದುಕೊಂಡಿದ್ದೇವೆ ಎನ್ನುತ್ತಾರೆ. ನಮ್ಮ ಕಡೆಯಂತೆ ಇದನ್ನು ಬಿಟ್ಟುಬಿಡಬೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಬಿಡಬೇಡಿ. ಬೆಂಗಳೂರು, ಮೈಸೂರುಗಳಲ್ಲಿ ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆಂದು ಮುರಿದುಕೊಳ್ಳುವುದು ನಮಗೆ ಎಷ್ಟು ಅಭ್ಯಾಸವಾಗಿದೆ ಎಂದರೆ, ಅಲ್ಲಿಯೂ ಅದನ್ನು ಸಹಜವೆಂದು ಒಪ್ಪಿಕೊಂಡುಬಿಡುತ್ತೇವೆ. ಅಯೋವಾದ ಕಾನೂನಿನಲ್ಲಿ ಸಹಜ ಸವಕಳಿಗೆ ಬಾಡಿಗೆದಾರರು ಹೊಣೆಯಲ್ಲ. ಎರಡು ವರ್ಷದ ಓಡಾಟದಿಂದ ಬಾಗಿಲ ಬಳಿ ಕಾರ್ಪೆಟ್ ತೆಳುವಾಗುವುದು, ಬಿಸಿಲಿಗೆ ಗೋಡೆಯ ಬಣ್ಣ ಮಾಸುವುದು ಸವಕಳಿ. ಇಸ್ತ್ರಿ ಪೆಟ್ಟಿಗೆಯಿಂದ ಸುಟ್ಟ ಗುರುತು, ಗೋಡೆಯಲ್ಲಿ ಬಿದ್ದ ತೂತು, ಅರಿಶಿನದ ದೊಡ್ಡ ಕಲೆ ಹಾನಿ.

ಗಡುವು ಮುಖ್ಯವಾದದ್ದು. ಬಾಡಿಗೆ ಅವಧಿ ಮುಗಿದು, ನಿಮ್ಮ ಹೊಸ ವಿಳಾಸವು ಮಾಲೀಕರ ಕೈಸೇರಿದ ಮೇಲೆ 30 ದಿನಗಳೊಳಗೆ ಅವರು ಡೆಪಾಸಿಟ್ ಹಿಂದಿರುಗಿಸಬೇಕು, ಇಲ್ಲವೇ ಯಾವ ಕಾರಣಕ್ಕೆ ಎಷ್ಟು ಹಿಡಿದುಕೊಂಡಿದ್ದೇವೆ ಎಂದು ಲಿಖಿತವಾಗಿ ತಿಳಿಸಬೇಕು. ಹಾಗೆ ತಿಳಿಸದೆ ಗಡುವು ಮೀರಿದರೆ ಹಿಡಿದುಕೊಳ್ಳುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ನೀವು ವಿಳಾಸವನ್ನು ಬರೆದು ಕೊಟ್ಟಿದ್ದೀರಾ? ಕೊಟ್ಟಿಲ್ಲವಾದರೆ ಗಡುವು ಇನ್ನೂ ಆರಂಭವೇ ಆಗಿಲ್ಲ, ಮತ್ತು ಒಂದು ವರ್ಷದೊಳಗೆ ವಿಳಾಸ ಕೊಡದಿದ್ದರೆ ಹಣ ಮಾಲೀಕರದ್ದೇ ಆಗಿಬಿಡುತ್ತದೆ. ಇಂದೇ ಇಮೇಲ್ ಕಳಿಸಿ, ಅದನ್ನೇ ಅಂಚೆಯಲ್ಲೂ ಕಳಿಸಿ. ಪತ್ರದಲ್ಲಿ 562ಎ.12 ಎಂಬ ಕಲಮಿನ ಸಂಖ್ಯೆಯನ್ನು ಬರೆಯಿರಿ. ದುರುದ್ದೇಶದಿಂದ ಹಣ ಹಿಡಿದಿಟ್ಟುಕೊಂಡರೆ ಎರಡು ತಿಂಗಳ ಬಾಡಿಗೆಯಷ್ಟರವರೆಗೆ ದಂಡ ವಿಧಿಸುವ ಅಧಿಕಾರ ನ್ಯಾಯಾಲಯಕ್ಕಿದೆ ಎಂಬುದು ಅವರಿಗೂ ಗೊತ್ತಿರುತ್ತದೆ. 6,500 ಡಾಲರ್‌ವರೆಗಿನ ದಾವೆಗಳನ್ನು ಅಲ್ಲಿ ಸಣ್ಣ ದಾವೆಗಳ ನ್ಯಾಯಾಲಯದಲ್ಲಿ ವಕೀಲರಿಲ್ಲದೆಯೇ ಹೂಡಬಹುದು; ಮೈಸೂರಿನಿಂದ ಅದನ್ನು ನಡೆಸುವುದು ಸುಲಭವಲ್ಲವಾದ್ದರಿಂದ ಪತ್ರವನ್ನು ಗಟ್ಟಿಯಾಗಿ ಬರೆಯುವುದರಲ್ಲಿಯೇ ನಿಮ್ಮ ಶ್ರಮವನ್ನು ಹಾಕಿ. ಅಮೆರಿಕದ ಬ್ಯಾಂಕ್ ಖಾತೆಯನ್ನು ಡೆಪಾಸಿಟ್ ಬರುವ ತನಕ ಮುಚ್ಚಬೇಡಿ. ಡಾಲರ್ ಚೆಕ್ಕು ಮೈಸೂರಿಗೆ ಬಂದರೆ ಅದನ್ನು ನಗದು ಮಾಡಿಸುವುದೇ ಒಂದು ದೊಡ್ಡ ಪ್ರಯಾಸ. ಖಾತೆಗೆ ನೇರವಾಗಿ ಜಮಾ ಮಾಡುವಂತೆ ಕೇಳಿ.

ನಾನು ಮೊದಲ ಸಲ ಅಲ್ಲಿ ಮನೆ ಬಿಟ್ಟಾಗ ಇದೇ ರೀತಿ ಹಣ ಕಳೆದುಕೊಂಡೆ. ಅಡುಗೆಮನೆಯ ಕಟ್ಟೆಯ ಮೇಲಿನ ಸುಟ್ಟ ಗುರುತು ನಾನು ಸೇರುವ ಮೊದಲೇ ಇತ್ತು, ಆದರೆ ಸೇರಿದ ದಿನ ಕೊಟ್ಟ ತಪಾಸಣಾ ಪಟ್ಟಿಯನ್ನು ತುಂಬದೆ ಮೇಜಿನ ಮೇಲೆ ಬಿಟ್ಟಿದ್ದೆ. ಅದನ್ನು ನಾನು ಮಾಡಿದ್ದಲ್ಲ ಎಂದು ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಆ ಬಳಿಕ ಪ್ರತಿ ಹೊಸ ಮನೆಗೆ ಸೇರಿದ ದಿನ, ಹಾಲು ಉಕ್ಕಿಸುವುದಕ್ಕೂ ಮೊದಲು, ಪ್ರತಿ ಕೋಣೆಯ ಗೋಡೆ, ನೆಲ, ನಲ್ಲಿ, ಕಿಟಕಿ, ಫ್ರಿಜ್ಜಿನ ಒಳಭಾಗಗಳ ಚಿತ್ರ ತೆಗೆದು ಅದೇ ದಿನ ಕಚೇರಿಗೆ ಇಮೇಲ್ ಮಾಡಿದ್ದೇನೆ. ಪಟ್ಟಿಯ ಒಂದು ಪ್ರತಿಯನ್ನು ಅವರ ಸಹಿಯೊಂದಿಗೆ ಇಟ್ಟುಕೊಂಡಿದ್ದೇನೆ. ಕೀಲಿಕೈ ಒಪ್ಪಿಸುವ ದಿನ ಮತ್ತೆ ಅವೇ ಚಿತ್ರಗಳನ್ನು ತೆಗೆದಿದ್ದೇನೆ. ಅಲ್ಲಿಂದ ಮುಂದೆ ನನ್ನ ಡೆಪಾಸಿಟ್ ಎಂದೂ ಕಡಿತವಾಗಲಿಲ್ಲ.

ಕೊಲಂಬಸ್‌ನ ಓದುಗರೂ ಇದನ್ನು ಗಮನಿಸಿ: ಇಂಡಿಯಾನಾದಲ್ಲಿ ಈ ಗಡುವು 45 ದಿನ, ಅಲ್ಲಿಯೂ ಹೊಸ ವಿಳಾಸವನ್ನು ಲಿಖಿತವಾಗಿ ಕೊಡಬೇಕು.

ಪ್ರಶ್ನೆ: ನಾವು ಏಮ್ಸ್‌ನಲ್ಲಿ ನೆಲಮಹಡಿಯ ಮನೆಯಲ್ಲಿದ್ದೇವೆ. ಡಿಸೆಂಬರ್‌ನಲ್ಲಿ ನಾಲ್ಕು ವಾರ ಊರಿಗೆ ಬರುತ್ತೇವೆ. ಖರ್ಚು ಉಳಿಸಲು ಹೀಟರ್ ಆರಿಸಿ ಬರಬಹುದೇ? ರೆಂಟರ್ಸ್ ಇನ್ಶೂರೆನ್ಸ್ ಬೇಕೇ ಬೇಕೆ?
– ಓದುಗರೊಬ್ಬರು, ಏಮ್ಸ್

ಉತ್ತರ: ಹೀಟರನ್ನು ಆರಿಸಬೇಡಿ. ಮನೆಯೊಳಗಿನ ಉಷ್ಣಾಂಶ ಕನಿಷ್ಠ 55 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 13 ಡಿಗ್ರಿ ಸೆಲ್ಷಿಯಸ್ ಇರುವಂತೆ ಥರ್ಮೊಸ್ಟಾಟ್ (ಹೀಟರಿನ ಉಷ್ಣಾಂಶ ನಿಯಂತ್ರಕ) ಇಟ್ಟು ಬನ್ನಿ. ಗೋಡೆಯೊಳಗಿನ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಕೊಳವೆ ಒಡೆಯುತ್ತದೆ. ಮಂಜುಗಡ್ಡೆ ಕರಗಿದಾಗ ನೀರು ನಿಮ್ಮ ಮನೆಗಷ್ಟೇ ಅಲ್ಲ, ಪಕ್ಕದ ಮನೆಗಳಿಗೂ ನುಗ್ಗುತ್ತದೆ. ನಿಮ್ಮ ಅಜಾಗ್ರತೆಯಿಂದ ಆದ ಹಾನಿಯೆಂದು ಅದರ ವೆಚ್ಚವನ್ನು ನಿಮ್ಮಿಂದಲೇ ಕೇಳುತ್ತಾರೆ. ಒಂದು ತಿಂಗಳ ಬಿಲ್ಲಿನಲ್ಲಿ ಉಳಿಯುವ ಹಣ ಅದರ ಮುಂದೆ ಏನೇನೂ ಅಲ್ಲ.

ವಿಮೆಯನ್ನು ಮಾಡಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಲವು ಕರಾರುಗಳಲ್ಲಿ ಅದು ಷರತ್ತೂ ಆಗಿರುತ್ತದೆ. ಮಾಲೀಕರ ವಿಮೆ ಕಟ್ಟಡಕ್ಕೆ ಮಾತ್ರ. ನಿಮ್ಮ ಲ್ಯಾಪ್‌ಟಾಪ್, ಬಟ್ಟೆ, ಪೀಠೋಪಕರಣಗಳಿಗೆ ಅದರಿಂದ ಒಂದು ಡಾಲರೂ ಬರುವುದಿಲ್ಲ. 2020ರ ಆಗಸ್ಟ್ 10ರಂದು ಡೆರೇಚೊ ಎಂಬ ಭಾರಿ ಬಿರುಗಾಳಿ ಅಯೋವಾವನ್ನು ಅಡ್ಡಲಾಗಿ ಸೀಳಿಕೊಂಡು ಹೋದಾಗ ಮರಗಳು ಉರುಳಿ, ಚಾವಣಿಗಳು ಹಾರಿ, ಎಷ್ಟೋ ಮನೆಗಳಿಗೆ ದಿನಗಟ್ಟಲೆ ವಿದ್ಯುತ್ ಇರಲಿಲ್ಲ. ಬಿರುಗಾಳಿ ಬೇಸಿಗೆಯ ಮಾತು, ಹೆಪ್ಪುಗಟ್ಟಿದ ಕೊಳವೆ ಚಳಿಗಾಲದ ಮಾತು. ವಿಮೆ ಎರಡಕ್ಕೂ ಬೇಕು. ಪಾಲಿಸಿಯಲ್ಲಿ ಇತರರ ಆಸ್ತಿಗೆ ನಿಮ್ಮಿಂದಾದ ಹಾನಿಯ ಹೊಣೆಯೂ ಸೇರಿದೆಯೇ, ಎಷ್ಟು ದಿನ ಮನೆ ಖಾಲಿ ಬಿಡಬಹುದು ಎಂಬುದನ್ನು ಹೊರಡುವ ಮೊದಲು ಓದಿಕೊಳ್ಳಿ.

ಕಾರು ಇದ್ದರೆ ಅದನ್ನು ಬೀದಿಯಲ್ಲಿ ಬಿಟ್ಟು ಬರಬೇಡಿ. ಹಿಮ ಬಿದ್ದಾಗ ಮುಖ್ಯ ಬೀದಿಗಳಲ್ಲಿ ನಿಲುಗಡೆ ನಿಷೇಧವಾಗುತ್ತದೆ, ನಿಮ್ಮ ಕಾರನ್ನು ಎಳೆದೊಯ್ದದ್ದು ನಿಮಗೆ ಗೊತ್ತಾಗುವುದು ವಾಪಸು ಹೋದ ಮೇಲೆಯೇ. ನಂಬಿಕೆಯ ಸ್ನೇಹಿತರೊಬ್ಬರಿಗೆ ಕೀಲಿಕೈ ಕೊಟ್ಟು, ಅವರ ಹೆಸರನ್ನು ಕಚೇರಿಗೆ ಬರೆದು ತಿಳಿಸಿ, ವಾರಕ್ಕೊಮ್ಮೆ ಬಂದು ಥರ್ಮೊಸ್ಟಾಟ್ ನೋಡಿ, ಅಡುಗೆಮನೆಯ ಮತ್ತು ಬಚ್ಚಲಿನ ನಲ್ಲಿಗಳನ್ನು ಒಂದು ನಿಮಿಷ ಬಿಟ್ಟು ಹೋಗುವಂತೆ ಕೇಳಿಕೊಳ್ಳಿ. ಚಳಿ ತೀರ ಹೆಚ್ಚಾಗುವ ಮುನ್ಸೂಚನೆ ಬಂದ ದಿನ, ಹೊರಗೋಡೆಗೆ ಅಂಟಿಕೊಂಡಿರುವ ಸಿಂಕಿನ ಕೆಳಗಿನ ಕಪಾಟಿನ ಬಾಗಿಲುಗಳನ್ನು ತೆರೆದಿಡಲಿ. ಕೋಣೆಯ ಬಿಸಿ ಗಾಳಿ ಕೊಳವೆಗೆ ತಾಗುತ್ತದೆ.